ಸತ್ತೇಗಾಲಕ್ಕೆ ಯಾವ ಋಷಿ?

ಮೊಮ್ಮಗಳು ಮೈಸೂರಿನ ಕಾಲೇಜೊಂದರಲ್ಲಿ ಎರಡನೆಯ ಭಾಷೆಯಾಗಿ ಫ್ರೆಂಚ್ ಓದುತ್ತಿದ್ದಾಳೆ. ಕಳೆದ ರಜೆಯಲ್ಲಿ ಬಂದಾಗ ಅವಳ ಟಿಪ್ಪಣಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ತಾತ, ಇದನ್ನು ಸ್ವಲ್ಪ ನೋಡಿಕೊಡಿ" ಎಂದಳು. ಇಪ್ಪತ್ತು ನಾಮಪದಗಳನ್ನು ಕೊಟ್ಟು, ಪ್ರತಿಯೊಂದನ್ನೂ ಉಚ್ಚಾರದ ಘಟಕಗಳಾಗಿ ವಿಭಾಗಿಸಬೇಕು, ಅದು ಯಾವ ಶಬ್ದಗಳಿಂದ ಹುಟ್ಟಿತೆಂಬುದನ್ನು ಪಕ್ಕದಲ್ಲಿ ಬರೆಯಬೇಕು ಎಂಬುದು ಅಭ್ಯಾಸ. ನನಗೆ ಬರುವ ಫ್ರೆಂಚ್ ಅತ್ಯಲ್ಪ. ಜೈನ ಶಾಸನಗಳ ಕೆಲಸಕ್ಕೆಂದು ಗೆರಿನೋ ಅವರು 1908ರಲ್ಲಿ ಪ್ಯಾರಿಸ್ಸಿನಿಂದ ಹೊರತಂದ ಜೈನ ಶಾಸನಸೂಚಿಯನ್ನು ಓದಲೇಬೇಕಾದಾಗ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕಲಿತದ್ದು. ಮಾತನಾಡಲು ಬಾರದು, ಪದವನ್ನು ಬಿಡಿಸಿ ನೋಡುವಷ್ಟು ಬರುತ್ತದೆ.

ಪಟ್ಟಿಯ ಮೂರನೆಯ ಪದ 'ವಿನೇಗ್ರ್'. ಅಡಿಗೆಮನೆಯ ವಿನೆಗರ್ ಇದರದೇ ಇಂಗ್ಲಿಷ್ ರೂಪ. ಹುಡುಗಿ ಅದನ್ನು 'ವಿನ್' ಮತ್ತು 'ಏಗ್ರ್' ಎಂದು ಎರಡಾಗಿ ಕತ್ತರಿಸಿದ್ದಳು. ಅರ್ಥದ ದೃಷ್ಟಿಯಿಂದ ಅದು ಸರಿ: ಮೊದಲನೆಯದು ದ್ರಾಕ್ಷಾಮದ್ಯ, ಎರಡನೆಯದು ಹುಳಿ, ಹುಳಿತ ಮದ್ಯವೇ ವಿನೇಗ್ರ್. ಆದರೆ ಉಚ್ಚಾರದ ಲೆಕ್ಕದಲ್ಲಿ ಅದು ತಪ್ಪು. ಎರಡು ಸ್ವರಗಳ ನಡುವೆ ನಿಂತ ಒಂಟಿ ವ್ಯಂಜನ ಆ ಭಾಷೆಯಲ್ಲಿ ಹಿಂದಿನ ಸ್ವರವನ್ನು ಬಿಟ್ಟು ಮುಂದಿನದನ್ನು ಸೇರುತ್ತದೆ. ಆದುದರಿಂದ ವಿಭಾಗ 'ವಿ' ಮತ್ತು 'ನೇಗ್ರ್' ಎಂದಾಗಬೇಕು. ಒಂಟಿಯಾಗಿ ನಿಂತಾಗ ಮದ್ಯವಾಚಿ ಶಬ್ದದ ಕೊನೆಯ ನಕಾರ ಮೂಗಿನಲ್ಲಿ ಕರಗಿ ಸ್ವರವನ್ನು ಅನುನಾಸಿಕವಾಗಿಸುತ್ತದೆ. ಸಮಾಸದೊಳಗೆ ಅದೇ ನಕಾರ ಸ್ಪಷ್ಟವಾಗಿ ಎದ್ದು ಬಂದು ಮುಂದಿನ ಮನೆಯ ಹೊಸ್ತಿಲಲ್ಲಿ ಕುಳಿತುಕೊಳ್ಳುತ್ತದೆ. ನಾಲಗೆಯ ಸೀಳು ಒಂದು ಕಡೆ, ಅರ್ಥದ ಸೀಳು ಇನ್ನೊಂದು ಕಡೆ.

"ಕನ್ನಡದಲ್ಲಿ ಹೀಗೆ ಇದೆಯೇ?" ಎಂದು ಅವಳು ಕೇಳಿದಳು. ಇದೆ, ನಮ್ಮಲ್ಲಿ ಅದು ಕಣ್ಣಿಗೆ ಇನ್ನೂ ಕಾಣದಂತಿದೆ. ರೋಮನ್ ಲಿಪಿಯಲ್ಲಿ ನಕಾರವೂ ಅದರ ಮುಂದಿನ ಸ್ವರವೂ ಬೇರೆ ಬೇರೆ ನಿಂತಿರುತ್ತವೆ. ಅವುಗಳ ನಡುವೆ ಗೆರೆ ಎಳೆಯಬಹುದು. ನಮ್ಮ ಲಿಪಿ ಅಕ್ಷರವನ್ನೇ ಬರೆಯುತ್ತದೆ. ಯಳಂದೂರು ಎಂಬಲ್ಲಿ ಯ, ಳಂ, ದೂ, ರು ಎಂದು ನಾಲ್ಕು ಅಕ್ಷರಗಳು. 'ಊರು' ಎಂಬ ಪದ ಆರಂಭವಾಗುವುದು 'ದೂ' ಎಂಬ ಅಕ್ಷರದ ಹೊಟ್ಟೆಯೊಳಗೆ. ಹನೂರು ಎಂಬಲ್ಲಿ 'ನೂ' ಒಳಗೆ. ದಕಾರ ಒಂದು ಪದದ್ದು, ಊಕಾರ ಇನ್ನೊಂದು ಪದದ್ದು, ಎರಡೂ ಒಂದೇ ಗೆರೆಯಲ್ಲಿ ಸುತ್ತಿಕೊಂಡಿವೆ. ಓಲೆಗರಿಯಲ್ಲಿ ಪದಗಳ ನಡುವೆ ಎಡೆಯೂ ಇರುವುದಿಲ್ಲವಾದ್ದರಿಂದ ಸಂಪಾದಕನ ಅರ್ಧ ಆಯುಷ್ಯ ಇಂಥ ಬೆಸುಗೆಗಳನ್ನು ಹುಡುಕುವುದರಲ್ಲಿಯೇ ಕಳೆದುಹೋಗುತ್ತದೆ.

ಅವಳಿಗೆ ಇಷ್ಟನ್ನು ವಿವರಿಸುತ್ತಿದ್ದಾಗ ಬಹಳ ವರ್ಷಗಳ ಹಿಂದಿನ ಒಂದು ತರಗತಿ ನೆನಪಾಯಿತು. ಅದನ್ನು ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಕೊಳ್ಳೇಗಾಲದ ಸುತ್ತಿನ ಒಂದು ಕಾಲೇಜಿನಲ್ಲಿ ಅಧ್ಯಾಪಕ. ಹಳಗನ್ನಡ ವ್ಯಾಕರಣದ ಪಾಠ. ವಿದ್ಯಾರ್ಥಿಗಳ ಆಸಕ್ತಿ ಕೆರಳಿಸಲೆಂದು ಊರ ಹೆಸರನ್ನೇ ಉದಾಹರಣೆಗೆ ತೆಗೆದುಕೊಂಡೆ. ಕೌಹಲ, ಗಾಲವ ಎಂಬ ಇಬ್ಬರು ಋಷಿಗಳು ಇಲ್ಲಿ ತಪಸ್ಸು ಮಾಡಿದರೆಂದೂ ಅವರ ಹೆಸರುಗಳು ಕೂಡಿ ಕೊಳ್ಳೇಗಾಲವಾಯಿತೆಂದೂ ಐತಿಹ್ಯವಿದೆ. ಆ ಸೀಮೆಯವರೆಲ್ಲ ಕೇಳಿದ ಕಥೆ. ನಾನು ಅದನ್ನು ಕಥೆಯಾಗಿ ಹೇಳಿ ಬಿಡಲಿಲ್ಲ. ದ್ವಂದ್ವ ಸಮಾಸವೆಂದೆ, ಮಧ್ಯದ ಹಕಾರ ಲೋಪವೆಂದೆ, ಕಪ್ಪು ಹಲಗೆಯ ತುಂಬ ಬಾಣದ ಗುರುತುಗಳನ್ನು ಎಳೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಕಾವೇರಿಯ ದಡದ ಸತ್ತೇಗಾಲದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದವನು.

"ಸಾ, ಹಂಗಾರೆ ನಮ್ಮ ಸತ್ತೇಗಾಲುಕ್ಕೆ ಯಾವ ರುಸಿ ಸಾ?"

ತರಗತಿ ನಕ್ಕಿತು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಅಧ್ಯಾಪಕ ಮಾಡುವುದನ್ನೇ ನಾನೂ ಮಾಡಿದೆ: ಅವನ ಉಚ್ಚಾರವನ್ನು ಹಿಡಿದುಕೊಂಡೆ. "ಮೊದಲು ಋಷಿ ಎಂದು ಹೇಳಲು ಕಲಿ, ಆಮೇಲೆ ವ್ಯಾಕರಣ. ಕೂತುಕೋ" ಎಂದೆ. ಅವನು ಕುಳಿತ. ವರ್ಷದ ಉಳಿದ ಭಾಗದಲ್ಲಿ ಅವನು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಇದರಲ್ಲಿ ಎರಡು ಅಪರಾಧಗಳಿವೆ. ಚಿಕ್ಕದನ್ನು ಮೊದಲು ಹೇಳುತ್ತೇನೆ. ಪ್ರಾಕೃತವನ್ನು ಓದಿದವನು ನಾನು. ಋಕಾರವನ್ನು ಪ್ರಾಕೃತಗಳು ಉಳಿಸಿಕೊಳ್ಳಲಿಲ್ಲ, ಷಕಾರವನ್ನು ಸಕಾರವಾಗಿಸಿದವು. ಋಷಿ ಶಬ್ದ ಇಸಿ ಎಂದೂ ರಿಸಿ ಎಂದೂ ಆಯಿತು. ಹಳಗನ್ನಡದ ಜೈನ ಕವಿಗಳಿಗೆ ರಿಸಿ ಎಂಬುದು ಗೌರವದ ಶಬ್ದವೇ. ನಮ್ಮ ಆಗಮಗಳ ಭಾಷೆ ಮಾಡಿದ ಬದಲಾವಣೆಯನ್ನೇ ಆ ಹುಡುಗನ ನಾಲಗೆಯೂ ಮಾಡಿತ್ತು. ಅದನ್ನು ಅಶುದ್ಧವೆಂದು ಹಳಿಯಲು ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಕಡಿಮೆ ಅಧಿಕಾರವಿದ್ದವನು ನಾನು.

ದೊಡ್ಡ ಅಪರಾಧವೆಂದರೆ, ಅವನ ಪ್ರಶ್ನೆ ಸರಿಯಾಗಿತ್ತು. ಅಷ್ಟೇ ಅಲ್ಲ, ಸ್ಥಳನಾಮಶಾಸ್ತ್ರದ ಮೊದಲ ಪಾಠವೇ ಆ ಪ್ರಶ್ನೆಯಲ್ಲಿತ್ತು. ನೆರೆಯ ಎರಡು ಊರುಗಳ ಹೆಸರಿನಲ್ಲಿ ಒಂದೇ ಉತ್ತರಪದ ಕಾಣಿಸಿದರೆ ಅದು ಸ್ವತಂತ್ರವಾದ ಘಟಕ. ಒಂದು ಊರಿಗೆ ಮಾತ್ರ ಹೊಂದುವ ಕಥೆಯಿಂದ ಅದನ್ನು ವಿವರಿಸಲಾಗದು. ಗಾಲವ ಋಷಿಯಿಂದ ಕೊಳ್ಳೇಗಾಲದ 'ಗಾಲ' ಬಂದಿದ್ದರೆ ಸತ್ತೇಗಾಲದ 'ಗಾಲ'ಕ್ಕೂ ಅವನೇ ಹೊಣೆಯಾಗಬೇಕು. ಇನ್ನು ಕೌಹಲಗಾಲವ ಎಂಬುದು ಆರು ಅಕ್ಷರಗಳ ಶಬ್ದ. ಅದು ನಾಲ್ಕಕ್ಕೆ ಇಳಿಯಬೇಕಾದರೆ ಔಕಾರ ಒಕಾರವಾಗಬೇಕು, ಹಕಾರ ಬೀಳಬೇಕು, ಲಕಾರ ಳಕಾರವಾಗಿ ಇಮ್ಮಡಿಸಬೇಕು, ಅದರ ಮೇಲಿನ ಅಕಾರ ಏಕಾರವಾಗಬೇಕು, ಕೊನೆಯ ವಕಾರ ಮಾಯವಾಗಬೇಕು. ಕೇಶಿರಾಜನ ಶಬ್ದಮಣಿದರ್ಪಣದಲ್ಲಾಗಲಿ 1604ರಲ್ಲಿ ಭಟ್ಟಾಕಳಂಕ ರಚಿಸಿದ ಶಬ್ದಾನುಶಾಸನದ 592 ಸೂತ್ರಗಳಲ್ಲಾಗಲಿ ಇಷ್ಟೆಲ್ಲವನ್ನೂ ಒಂದೇ ಪದದಲ್ಲಿ ಮಾಡಿಸುವ ದಾರಿ ನನಗೆ ಸಿಕ್ಕಿಲ್ಲ. ನಾನು ಹಲಗೆಯ ಮೇಲೆ ಎಳೆದ ಬಾಣಗಳು ವ್ಯಾಕರಣವಲ್ಲ, ವ್ಯಾಕರಣದ ವೇಷ.

ಎರಡು ಹೆಸರುಗಳನ್ನು ಒಂದರ ಕೆಳಗೊಂದು ಬರೆದು ಲಘುಗುರುಗಳನ್ನು ಹಾಕಿ ನೋಡಿ. ಕೊಳ್ಳೇಗಾಲ: ಒತ್ತಕ್ಷರದ ಹಿಂದಿನ 'ಕೊ' ಗುರು, 'ಳ್ಳೇ' ಗುರು, 'ಗಾ' ಗುರು, 'ಲ' ಲಘು. ಸತ್ತೇಗಾಲ: ಗುರು, ಗುರು, ಗುರು, ಲಘು. ಎರಡಕ್ಕೂ ಏಳೇ ಮಾತ್ರೆ, ಎರಡಕ್ಕೂ ಒಂದೇ ನಡೆ. ಎರಡನೆಯ ಅಕ್ಷರದ ಏಕಾರ ಎರಡರಲ್ಲಿಯೂ ದೀರ್ಘ. ಈ ದೀರ್ಘ ಎಲ್ಲಿಂದ ಬಂತು? 'ಮನೆಯ ಬಾಗಿಲು' ಎಂಬುದನ್ನು ಆಡುವಾಗ 'ಮನೇ ಬಾಗ್ಲು' ಎನ್ನುತ್ತೇವೆ. 'ತಲೆಯ ಮೇಲೆ' ಎಂಬುದು 'ತಲೇ ಮೇಲೆ' ಆಗುತ್ತದೆ. ಷಷ್ಠಿಯ 'ಎಯ' ಎಂಬ ಎರಡು ಲಘುಗಳು ಕೂಡಿ 'ಏ' ಎಂಬ ಒಂದು ಗುರುವಾಗಿವೆ. ಅಕ್ಷರ ಒಂದು ಕಡಿಮೆಯಾಯಿತು, ಮಾತ್ರೆ ಕಡಿಮೆಯಾಗಲಿಲ್ಲ. ಕೊಳ್ಳೇ, ಸತ್ತೇ ಎಂಬಲ್ಲಿನ ದೀರ್ಘವೂ ಇಂಥದೇ ಷಷ್ಠಿಯ ಶೇಷವೆಂದು ನನ್ನ ಅಭಿಪ್ರಾಯ. ಅಂದರೆ ಇವು 'ಇಂಥದರ ಗಾಲ' ಎಂಬ ರೂಪದ ಷಷ್ಠೀ ತತ್ಪುರುಷಗಳು. ಗಾಲದ ಗಕಾರವೂ ಮೂಲದ್ದಾಗಿರಬೇಕಿಲ್ಲ; ಮುಂದಿನ ಕಾಲು ಮುಂಗಾಲಾಗುವಂತೆ, ಬೆಟ್ಟದ ತಾವರೆ ಬೆಟ್ಟದಾವರೆಯಾಗುವಂತೆ, ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗುವುದು ಕನ್ನಡದ ಸಹಜ ನಿಯಮ. ನದೀತೀರದ ಸೀಮೆಯಲ್ಲಿ ನೀರ ಹರಿವನ್ನು ಹೇಳುವ 'ಕಾಲ್' ಶಬ್ದವನ್ನು ಇಲ್ಲಿ ನೆನೆಯುವುದು ಅಸಹಜವಲ್ಲ. ಆದರೆ ಅರ್ಥದ ಮಾತು ಎರಡನೆಯದು. ಸೀಳು ಎಲ್ಲಿದೆ ಎಂಬುದು ಮೊದಲು ಗಟ್ಟಿಯಾಗಬೇಕು. ಅದನ್ನು ಗಟ್ಟಿ ಮಾಡಿದ್ದು ಆ ಹುಡುಗನ ಪ್ರಶ್ನೆ.

ಅಂದಿನಿಂದ ಆ ಮೂರು ತಾಲ್ಲೂಕುಗಳ ಬಸ್ಸುಗಳಲ್ಲಿ ಕುಳಿತಾಗಲೆಲ್ಲ ಊರ ಫಲಕಗಳನ್ನು ಓದುವ ಚಟ ಹತ್ತಿದೆ. ಯಳಂದೂರಿನ ಕಡೆ ಮಾಂಬಳ್ಳಿ, ಗುಂಬಳ್ಳಿಗಳಿವೆ. ಕೊಳ್ಳೇಗಾಲದ ಕಡೆ ಮಧುವನಹಳ್ಳಿ. ಹನೂರಿನ ಕಡೆ ಕೌದಳ್ಳಿ, ಮಾರ್ಟಳ್ಳಿ. ಪಳ್ಳಿ ಎಂಬ ಹಳೆಯ ಶಬ್ದದ ಪಕಾರ ಹತ್ತನೆಯ ಶತಮಾನದ ಮುಂದೆ ಕ್ರಮವಾಗಿ ಹಕಾರವಾಗುತ್ತ ಬಂತು; ಹಾಗೆ ಹಳ್ಳಿ. ಆದರೆ ಅನುನಾಸಿಕದ ಮುಂದೆ ಸಮಾಸದಲ್ಲಿ ಸಿಕ್ಕಿಬಿದ್ದ ಪಕಾರ ಅದಕ್ಕೂ ಮೊದಲೇ ಬಕಾರವಾಗಿಬಿಟ್ಟಿದ್ದರೆ, ಆಮೇಲಿನ ಹಕಾರದ ಅಲೆ ಅದನ್ನು ಮುಟ್ಟಲಾರದು. ಮಾಂಬಳ್ಳಿ, ಗುಂಬಳ್ಳಿಗಳಲ್ಲಿ ಉಳಿದಿರುವುದು ಆ ಹಳೆಯ ಪಳ್ಳಿಯೆಂದು ತಿಳಿಯುತ್ತೇನೆ. ಮಧುವನಹಳ್ಳಿಯಲ್ಲಿ ಪದ ತನ್ನ ಈಗಿನ ರೂಪದಲ್ಲಿ ಬಿಡಿಯಾಗಿ ಸೇರಿದೆ. ಕೌದಳ್ಳಿಯಲ್ಲಿ ಹಕಾರವೂ ಬಿದ್ದುಹೋಗಿ, ಹಿಂದಿನ ದಕಾರ 'ಅಳ್ಳಿ'ಯನ್ನು ತನ್ನೊಳಗೆ ಎಳೆದುಕೊಂಡು 'ದಳ್' ಎಂಬ ಒಂದೇ ಅಕ್ಷರಭಾಗವಾಗಿದೆ. ಒಂದೇ ಶಬ್ದದ ಮೂರು ವಯಸ್ಸುಗಳು ಅರ್ಧ ದಿನದ ಪ್ರಯಾಣದಲ್ಲಿ ಕಣ್ಣಿಗೆ ಬೀಳುತ್ತವೆ. (ಪಳ್ಳಿ ಎಂದರೆ ತಮಿಳಿನಲ್ಲಿ ಜೈನರ ವಸತಿ ಎಂಬ ಅರ್ಥವೂ ಇದೆಯೆಂಬುದನ್ನು ಹಿಡಿದು ಪ್ರತಿಯೊಂದು ಬಳ್ಳಿಯಲ್ಲೂ ಬಸದಿಯನ್ನು ಅಗೆಯಹೊರಡುವ ನಮ್ಮವರಿದ್ದಾರೆ. ಕೌಹಲ ಗಾಲವರನ್ನು ನಂಬಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.)

ಕೌದಳ್ಳಿಯಲ್ಲಿ ಅಕ್ಷರದೊಡನೆ ಒಂದು ಮಾತ್ರೆಯೂ ಹೋಯಿತು ಎಂಬುದನ್ನು ಗಮನಿಸಬೇಕು. ಆದರೆ ಅದೇ ಹನೂರು ಸೀಮೆಯ ದೊಡ್ಡ ಹೆಸರಿನಲ್ಲಿ ಹಾಗಾಗಿಲ್ಲ. ಮಲೆ ಮಹದೇಶ್ವರ ಬೆಟ್ಟದ ದೇವರನ್ನು ಕಂಸಾಳೆಯವರು ಹಾಡುವಾಗ ಮಾದೇವ, ಮಾದಪ್ಪ ಎನ್ನುತ್ತಾರೆ. ಮಹದೇವ ಎಂಬಲ್ಲಿ ಮ, ಹ, ದೇ, ವ: ಒಂದು, ಒಂದು, ಎರಡು, ಒಂದು, ಒಟ್ಟು ಐದು ಮಾತ್ರೆ. ಮಾದೇವ ಎಂಬಲ್ಲಿ ಎರಡು, ಎರಡು, ಒಂದು, ಅದೂ ಐದೇ. ಬಿದ್ದ ಹಕಾರದ ಕಾಲವನ್ನು ಹಿಂದಿನ ಸ್ವರ ಹಿಗ್ಗಿ ತುಂಬಿತು. ತಾಳ ಕುಟ್ಟುತ್ತ ಹಾಡುವವನ ಕೈ ಎಣಿಸುವುದು ಅಕ್ಷರವನ್ನಲ್ಲ, ಕಾಲವನ್ನು. ಪ್ರಾಕೃತದಲ್ಲಿ ವರ್ಷ ಶಬ್ದ ವಸ್ಸ ಎಂದೂ ಆಯಿತು, ವಾಸ ಎಂದೂ ಆಯಿತು. ಒಂದರಲ್ಲಿ ಒತ್ತಕ್ಷರ ಉಳಿಯಿತು, ಇನ್ನೊಂದರಲ್ಲಿ ಸ್ವರ ಹಿಗ್ಗಿತು, ಎರಡೂ ಮೂರು ಮಾತ್ರೆ. ಮೊಮ್ಮಗಳ ಪಟ್ಟಿಯಲ್ಲಿದ್ದ ಕಾಡು, ಆಸ್ಪತ್ರೆ ಎಂಬರ್ಥದ ಫ್ರೆಂಚ್ ಪದಗಳಲ್ಲಿ ಸ್ವರದ ತಲೆಯ ಮೇಲೊಂದು ಚಿಕ್ಕ ಟೋಪಿಯಿದೆ. ಇಂಗ್ಲಿಷಿನ ಫಾರೆಸ್ಟ್, ಹಾಸ್ಪಿಟಲ್‌ಗಳಲ್ಲಿ ಇನ್ನೂ ಕೇಳಿಸುವ ಸಕಾರ ಅಲ್ಲಿ ಬಿದ್ದುಹೋಗಿ ಹಿಂದಿನ ಸ್ವರವನ್ನು ಹಿಗ್ಗಿಸಿತ್ತು. ಅದರ ಗುರುತು ಆ ಟೋಪಿ. ಫ್ರೆಂಚ್ ಅಕಾಡೆಮಿಯ ನಿಘಂಟಿನ 1740ರ ಆವೃತ್ತಿ ಅದನ್ನು ಬರವಣಿಗೆಯಲ್ಲಿ ನೆಲೆಗೊಳಿಸಿತು. ಸತ್ತ ವ್ಯಂಜನಕ್ಕೆ ಅವರು ವೀರಗಲ್ಲು ನೆಟ್ಟರು. ನಮ್ಮ 'ಮಾ' ಎಂಬುದರ ದೀರ್ಘವೂ ಅಂಥದೇ ಕಲ್ಲು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ನಮ್ಮವರೆಲ್ಲರ ನಾಲಗೆಯ ಮೇಲಿದೆ. ಬೆಳ್ ಎಂದರೆ ಬಿಳಿದು. ಕೊಳ ಕೂಡಿ ಬೆಳ್ಗೊಳ. ಬೆಳ್, ಗೊ, ಳ ಎಂದು ಮೂರು ಅಕ್ಷರ, ನಾಲ್ಕು ಮಾತ್ರೆ. ಮುಂದೆ ಳಕಾರಕ್ಕೆ ಸ್ವರ ಸೇರಿ ಬೆಳಗೊಳವಾಯಿತು: ನಾಲ್ಕು ಅಕ್ಷರ, ನಾಲ್ಕೇ ಮಾತ್ರೆ. ಯಳಂದೂರಿನ ನೆತ್ತಿಯ ಮೇಲಿನ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇದೇ ಬಿಳುಪು ಇದೆ, ಆದರೆ ಸಮಾಸದ ಬಗೆ ಬೇರೆ. ಬೆಳ್ಗೊಳದ ಎರಡೂ ಪದಗಳು ಅಚ್ಚಗನ್ನಡ. ಬಿಳಿಗಿರಿಯ ಬಿಳಿ ಕನ್ನಡ, ಗಿರಿ ಸಂಸ್ಕೃತ. ಲಾಕ್ಷಣಿಕರು ಇಂಥದನ್ನು ಅರಿಸಮಾಸ, ಅಂದರೆ ಹಗೆಗಳ ಕೂಟ ಎಂದು ಕರೆದರು. ಗುಣವಾಚಕ ಪೂರ್ವಪದವಾದರೆ ಗಮಕ ಸಮಾಸ, ಅಲ್ಲಿ ಅರಿದೋಷವಿಲ್ಲ ಎಂದು ವಾದಿಸಲೂಬಹುದು. ಪುರಾಣಕಾರರಿಗೆ ಈ ತಕರಾರೇ ಬೇಡವಾಗಿ ಶ್ವೇತಾದ್ರಿ ಎಂದು ಪೂರ್ತಿ ಸಂಸ್ಕೃತಕ್ಕೆ ಎತ್ತಿಕೊಂಡರು. ಬೆಟ್ಟ ಹತ್ತುವ ಜನ ಮಾತ್ರ ಬಿಳಿಗಿರಿ ಎಂದೇ ಹೇಳಿದರು. ಹಗೆಗಳು ಅವರ ಬಾಯಲ್ಲಿ ಸ್ನೇಹದಿಂದಿವೆ.

ಯಳಂದೂರು ಅಕ್ಷರ ಎಣಿಸಬಲ್ಲವರ ಊರು ಎಂಬುದನ್ನೂ ಹೇಳಬೇಕು. ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವನ ಪ್ರೌಢ ಚಂಪೂಗಳಿಗೂ ಸಂಚಿಯ ಹೊನ್ನಮ್ಮನ ಹದಿಬದೆಯ ಧರ್ಮಕ್ಕೂ ಈ ಊರಿನ ನಂಟಿದೆ. ಚಿಕದೇವರಾಜ ಒಡೆಯರ ಮಂತ್ರಿಯಾಗಿ 1686ರಲ್ಲಿ ಕೊಲೆಯಾದ ವಿಶಾಲಾಕ್ಷ ಪಂಡಿತ ಇಲ್ಲಿಯ ಜೈನ. ಷಡಕ್ಷರಿಯ ವೃತ್ತಗಳಲ್ಲಿ ಅಕ್ಷರದ ಸ್ಥಾನ ನಿಶ್ಚಿತ. ಒಂದು ಲಘು ಆಚೀಚೆಯಾದರೂ ವೃತ್ತ ಒಡೆಯುತ್ತದೆ. ಹೊನ್ನಮ್ಮನ ಸಾಂಗತ್ಯ ಅಂಶಗಣದ್ದು. ಗುರು ಬರುವ ಎಡೆಯಲ್ಲಿ ಎರಡು ಲಘು ಬಂದರೂ ಹಾಡು ಸಾಗುತ್ತದೆ. ಊಳಿಗದ ಹೆಣ್ಣೊಬ್ಬಳು ಆರಿಸಿಕೊಂಡದ್ದು ಮಾದೇವ, ಮಹದೇವ ಎರಡಕ್ಕೂ ಜಾಗ ಕೊಡಬಲ್ಲ ಛಂದಸ್ಸನ್ನು. ವಿದ್ವಾಂಸರ ಸಭೆಯಲ್ಲಿ ಯಾವುದಕ್ಕೆ ಬೆಲೆ ಹೆಚ್ಚು ಎಂದು ನಾನು ಯೌವನದಲ್ಲಿ ತಿಳಿದಿದ್ದೆನೋ ಅದನ್ನು ಈಗ ತಿಳಿಯುವುದಿಲ್ಲ.

ಚಾಮರಾಜನಗರದ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರೆ ಮಲೆಯೂರು, ನಮ್ಮ ಕನಕಗಿರಿ ಕ್ಷೇತ್ರ. ರಾಜಾವಳೀಕಥೆಯ ದೇವಚಂದ್ರನ ಊರು. ಮ, ಲೆ, ಯೂ, ರು. 'ಯೂ' ಎಂಬಲ್ಲಿನ ಊಕಾರ ಊರಿನದು. ಯಕಾರ ಮಲೆಯದೂ ಅಲ್ಲ, ಊರಿನದೂ ಅಲ್ಲ, ಎರಡು ಸ್ವರಗಳ ನಡುವೆ ಆಗಮವಾಗಿ ಬಂದದ್ದು. 'ಮಲೆಯ ಊರು' ಎಂದು ಬಿಡಿಸಿದರೆ ಅದೇ ಯಕಾರ ಷಷ್ಠಿಯದಾಗುತ್ತದೆ. ಎರಡು ವಿಗ್ರಹವಾಕ್ಯಗಳೂ ನಿಲ್ಲುತ್ತವೆ. ಈ ಬೆಟ್ಟಕ್ಕೆ ಪೂಜ್ಯಪಾದರ ಹೆಸರನ್ನು ಐತಿಹ್ಯ ಜೋಡಿಸುತ್ತದೆ. ಅವರ ಜೈನೇಂದ್ರ ವ್ಯಾಕರಣದ ಮೊದಲ ಸೂತ್ರ ಶಬ್ದಸಿದ್ಧಿ ಅನೇಕಾಂತದಿಂದ ಎಂದು ಸಾರುತ್ತದೆಯೆಂಬುದು ಓದುಗರಿಗೆ ತಿಳಿದದ್ದೇ. ನಾನದನ್ನು ಎಷ್ಟು ಸಲ ಪಾಠ ಹೇಳಿದ್ದೇನೆ! ಅನೇಕಾಂತವೆಂದರೆ ಎಲ್ಲ ವಿಭಾಗಗಳೂ ಸರಿಯೆಂದಲ್ಲ. ಕೌಹಲನನ್ನು ಅದು ಉಳಿಸುವುದಿಲ್ಲ. ಆದರೆ ಎದುರು ನಿಂತವನು ಬೇರೆ ಕಡೆಯಿಂದ ನೋಡಿ ಹೇಳಿದ ಮಾತನ್ನು ಕೇಳದೆ ಕೂರಿಸಿದವನು ಆ ಸೂತ್ರವನ್ನು ಓದಿದ್ದಾನೆಂದು ಹೇಳಲು ಬರುವುದಿಲ್ಲ.

ಎರಡು ವರ್ಷದ ಹಿಂದೆ ಮದುವೆಯ ಸೀರೆಗೆಂದು ಕೊಳ್ಳೇಗಾಲಕ್ಕೆ ಹೋಗಿದ್ದೆ. ರೇಷ್ಮೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದ ನರೆಗೂದಲಿನವನು ನನ್ನ ಮುಖವನ್ನೇ ನೋಡುತ್ತ, "ಕನ್ನಡದ ಮೇಷ್ಟ್ರಲ್ವಾ ಸಾ?" ಎಂದ. ಸತ್ತೇಗಾಲದವನು. ನಾನು ಹಿಂದುಮುಂದು ನೋಡದೆ ಆ ದಿನದ ವಿಷಯ ತೆಗೆದೆ. ಅವನ ಪ್ರಶ್ನೆ ಸರಿಯಾಗಿತ್ತೆಂದೂ ತಪ್ಪು ನನ್ನದೆಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ.

"ಏನ್ ಕೇಳುದ್ನೋ ನೆಪ್ಪಿಲ್ಲ ಸಾ. ನೀವು ಕೂರುಸ್ಬುಟ್ಟಿದ್ದು ನೆಪ್ಪದೆ."

ಇಷ್ಟು ವರ್ಷ ನಾನು ಪ್ರಶ್ನೆಯನ್ನು ಹೊತ್ತುಕೊಂಡಿದ್ದೆ; ಅವನು ಇನ್ನೊಂದನ್ನು. ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಎರಡು ಊರುಗಳ ಹೆಸರನ್ನು ಒಂದರ ಕೆಳಗೊಂದು ಬರೆದು, 'ಗಾಲ'ದ ಹಿಂದೆ ಮೇಲಿನಿಂದ ಕೆಳಕ್ಕೆ ಒಂದೇ ಗೆರೆ ಎಳೆದು, ಅವನ ಕಡೆ ತಿರುಗಿಸಿಟ್ಟೆ. ಅವನು ಬೆರಳಿಟ್ಟು ಎರಡನ್ನೂ ನಿಧಾನವಾಗಿ ಓದಿದ. "ನಮ್ಮೂರ್ದೂವೆ ಅಷ್ಟೇ ಉದ್ದ ಅದಲ್ಲ ಸಾ" ಎಂದ. ಅಷ್ಟರಲ್ಲಿ ಬೇರೆ ಗಿರಾಕಿ ಕರೆದರು. ಚೀಟಿಯನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಎದ್ದುಹೋದ.